ಗಂಟೆ ಬಾರಿಸಿದ ಟೀಚ್ರಮ್ಮ

"ಸೀಮೆಸುಣ್ಣ ಕೊಡಿ, ಮೇಷ್ಟ್ರೇ."

"ಇಲ್ಲ. ಈ ವಾರ ನಿಮಗೆ ಸೀಮೆಸುಣ್ಣ ಇಲ್ಲ."

ಶಂಕರಮ್ಮ ತನ್ನ ಕಿವಿಯನ್ನೇ ನಂಬಲಿಲ್ಲ. ಯಳಂದೂರಿನಿಂದ ಕೊಳ್ಳೇಗಾಲ, ಅಲ್ಲಿಂದ ಹನೂರು, ಅಲ್ಲಿಂದ ಈ ಕಾಡಂಚಿನ ಹೂಗ್ಯಂ... ದಾರಿಯ ಧೂಳೆಲ್ಲ ತಲೆ ಮೇಲೆ ಹೊತ್ತು ಬಂದಿದ್ದಾಳೆ. ಟ್ರೇನಿಂಗಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಪಾಠ ಮಾಡಿದವಳು. ಶಿವರುದ್ರಸ್ವಾಮಿ ಮೇಷ್ಟ್ರು ನೋಡಿದರೆ ಸೀಮೆಸುಣ್ಣದ ಡಬ್ಬಿಯನ್ನು ಜುಬ್ಬಾದ ಜೇಬಿಗೆ ಇಳಿಸಿ ಗೋಡೆ ಪಕ್ಕದ ಚಾಪೆ ತೋರಿಸುತ್ತಿದ್ದಾರೆ!

"ಅಲ್ಲಿ ಕೂತ್ಕೊಳ್ಳಿ. ಒಂದನೇ ಕ್ಲಾಸಿನ ಮಕ್ಕಳ ಜೊತೆ."

"ನಾನಾ? ನೆಲದ ಮೇಲಾ?"

"ಹೂಂ. ಹೊಸದಾಗಿ ಕೆಲಸಕ್ಕೆ ಬಂದವರಿಗೆ ಇಲ್ಲಿ ಇದೇ ಏರ್ಪಾಡು. ಮೊದಲ ವಾರ ಚಾಪೆ ಮೇಲೆ. ಸಂಜೆ ಮಕ್ಕಳ ಜೊತೆ ಅವರವರ ಮನೆಗೆ ಹೋಗಿ ಬರಬೇಕು. ಪಾಠ ಮಾಡೋದು ಆಮೇಲೆ."

ಹೇಳುವಾಗ ಆ ಮನುಷ್ಯ ನಗಲೂ ಇಲ್ಲ. ಕಣ್ಣು ಮಾತ್ರ ಎಷ್ಟು ಚೆಂದ... ಛೀ! ಇಂಥವನ ಕಣ್ಣು ಹೇಗಿದ್ದರೆ ನನಗೇನು?

ಅದು ೧೯೬೭. ಹೂಗ್ಯಕ್ಕೆ ಬಂದ ಹೊಸ ಮೇಷ್ಟ್ರುಗಳೆಲ್ಲ ಕಾಡು ನೋಡಿ ಹೆದರಿ, ಬಂದ ಬಸ್ಸಿನಲ್ಲೇ ಗಂಟುಮೂಟೆ ಕಟ್ಟಿದ್ದರು. ಶಿವರುದ್ರಸ್ವಾಮಿ ಒಬ್ಬನೇ ಉಳಿದಿದ್ದ. ಈ ಸಂಗತಿ ಅವಳಿಗೆ ಯಾರೂ ಹೇಳಿರಲಿಲ್ಲ.

ಸಿಟ್ಟು ನುಂಗಿಕೊಂಡೇ ಅವಳು ಚಾಪೆಯ ಮೇಲೆ ಕೂತಳು. ಪಕ್ಕದಲ್ಲಿದ್ದ ಪುಟ್ಟ ಹುಡುಗಿ ಮೇಷ್ಟ್ರು ಏನು ಕೇಳಿದರೂ ಬಾಯಿ ಬಿಡಲಿಲ್ಲ. ದಡ್ಡಿ ಇರಬೇಕು ಅಂದುಕೊಂಡಳು ಶಂಕರಮ್ಮ. ಸಂಜೆ ಅದೇ ಹುಡುಗಿಯ ಮನೆಗೆ ಹೋದರೆ... ಅಬ್ಬಾ! ಮಗು ಅರಳು ಹುರಿದ ಹಾಗೆ ತಮಿಳಿನಲ್ಲಿ ಮಾತಾಡುತ್ತಿತ್ತು! ಅಮ್ಮನಿಗೆ, ಮೇಕೆಗೆ, ಕೊನೆಗೆ ನೀರಿನ ಮಡಕೆಗೂ ಒಂದೊಂದು ಕಥೆ.

'ಕನ್ನಡ ಬಾರದ ಮಗುವನ್ನು ನಾನು ದಡ್ಡಿ ಅಂದೆನಲ್ಲ...' ಅವಳಿಗೆ ನಾಚಿಕೆಯಾಯಿತು. ಮೇಷ್ಟ್ರ ಏರ್ಪಾಡಿನಲ್ಲಿ ಏನೋ ಇದೆ ಅನ್ನಿಸಿತು. ಅವರ ಮೇಲಿನ ಸಿಟ್ಟೂ ಕರಗತೊಡಗಿತು.

ಆದರೆ ಅವಳು ಉಳಿದುಕೊಂಡಿದ್ದ ಮನೆಯ ದೊಡ್ಡಮಾದಮ್ಮ ಮುದ್ದೆ ಬಡಿಸುತ್ತಾ ಒಂದು ಮಾತು ಅಂದುಬಿಟ್ಟಳು. "ಚೆಂದಾಗಿ ಉಣ್ಣಿ, ಟೀಚ್ರಮ್ಮ. ಸೋಮ್ವಾರದ ಬಸ್ಸಿಗೆ ಎಂಗಿದ್ರೂ ಓಯ್ತೀರಂತಲ್ಲ?"

"ಯಾರು ಹೇಳಿದ್ದು?"

"ಮೇಷ್ಟ್ರೇ. 'ಆಯಮ್ಮನ್ನ ಬಾಳ ಮನ್ಸಿಗೆ ಅಚ್ಕೋಬೇಡ ಮಾದಮ್ಮ, ಓಗೋರು' ಅಂದ್ರು."

ಶಂಕರಮ್ಮ ತಟ್ಟೆ ಪಕ್ಕಕ್ಕೆ ಸರಿಸಿದಳು. ಹಾಗಾದರೆ ಚಾಪೆ, ಸೀಮೆಸುಣ್ಣ ಎಲ್ಲವೂ ನನ್ನನ್ನು ಓಡಿಸಲಿಕ್ಕೆ! ನಾನು ಹೆಂಗಸು ಅಂತ!

ಮಾರನೆಯ ಬೆಳಿಗ್ಗೆ ಮಂಜು ಕರಗುವ ಮೊದಲೇ ಅವಳು ಶಾಲೆಗೆ ನಡೆದಳು. ಮೇಷ್ಟ್ರು ಸ್ನಾನಕ್ಕೆ ಹಳ್ಳಕ್ಕೆ ಹೋಗಿದ್ದರು. ಹುಣಸೆ ಮರಕ್ಕೆ ಗಂಟೆಯಾಗಿ ತೂಗುಹಾಕಿದ್ದ ರೈಲುಕಂಬಿಯ ತುಂಡು ಕಣ್ಣಿಗೆ ಬಿತ್ತು. 'ಇವತ್ತು ಶಾಲೆ ತೆರೆಯೋದು ನಾನು!' ಸುತ್ತಿಗೆ ಎತ್ತಿ, ಇದ್ದಬದ್ದ ಕೋಪವನ್ನೆಲ್ಲ ಸೇರಿಸಿ ಎಡೆಬಿಡದೆ ಬಾರಿಸಿದಳು.

ಟಣಟಣಟಣಟಣ...!

ಒಂದು ಗಳಿಗೆ ಏನೂ ಇಲ್ಲ. ಆಮೇಲೆ ಮಂಜಿನೊಳಗಿಂದ ಕಾಲಸಪ್ಪಳ. ತಮಟೆ ಸದ್ದು. ತಗಡಿನ ಡಬ್ಬ ಬಡಿಯುತ್ತಾ ಒಬ್ಬ, ಪಂಜು ಹಿಡಿದು ಇನ್ನೊಬ್ಬ, ಕೋಲೂರಿಕೊಂಡು ಮುದುಕರು, ಕೂಸನ್ನು ಕಂಕುಳಲ್ಲಿ ಅವುಚಿಕೊಂಡ ಹೆಂಗಸರು! ದೊಡ್ಡಮಾದಮ್ಮನ ಕೈಗೆ ಇನ್ನೂ ರಾಗಿಹಿಟ್ಟು ಮೆತ್ತಿತ್ತು. ಇಡೀ ಹೂಗ್ಯಂ ಓಡಿ ಬಂದಿತ್ತು!

"ಎಲ್ಲವ್ವಾ ಆನೆ? ಯಾವ್ ಒಲಕ್ಕೆ ಬಿದ್ದದೆ?"

"ಆನೆ...? ನಾನು... ಶಾಲೆಗೆ ಅಂತ..."

ಅವಳಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅಷ್ಟರಲ್ಲಿ ಒದ್ದೆ ತಲೆಯಲ್ಲೇ ಓಡಿ ಬಂದ ಶಿವರುದ್ರಸ್ವಾಮಿ ಅವಳ ಮುಂದೆ ನಿಂತ.

"ತಪ್ಪು ನಂದು ಕಣ್ರಪ್ಪಾ! ಗಂಟೆ ಬುಡದೆ ಒಡುದ್ರೆ ಆನೆ ಬಂತು ಅಂತ ಟೀಚ್ರಮ್ಮಂಗೆ ನಾನು ಏಳೇ ಇರ್ಲಿಲ್ಲ."

ಯಾರೂ ಬೈಯಲಿಲ್ಲ. ದೊಡ್ಡಮಾದಮ್ಮ ಏದುಸಿರು ಬಿಡುತ್ತಲೇ ನಕ್ಕಳು. "ಓಗ್ಲಿ ಬುಡಿ ಸಾ. ಆನೆ ಇಲ್ವಲ್ಲ, ಅಷ್ಟೇ ಸಾಕು. ಟೀಚ್ರಮ್ಮ ಒಬ್ರೇ ಅವ್ರೇನೋ ಅಂತ ನಂಗೆ ಜೀವ್ವೇ ಓಗಿತ್ತು!"

ಶಂಕರಮ್ಮನ ಕಣ್ಣು ತುಂಬಿತು. ನಿನ್ನೆ ಮೊನ್ನೆ ಬಂದವಳು ನಾನು. ನಾನು ಬಾರಿಸಿದ ಗಂಟೆಗೆ, ಆನೆಯ ಎದುರಿಗೆ, ಚಪ್ಪಲಿಯೂ ಇಲ್ಲದೆ ಒಂದು ಊರೇ ಓಡಿ ಬರುತ್ತದೆಯೇ? ಕೈಮುಗಿಯಬೇಕೆಂದು ಅವಳಿಗೆ ತೋಚಿದ್ದು ಅವರೆಲ್ಲ ಹೊರಟುಹೋದ ಮೇಲೆ.

ಸಂಜೆ ಜಗಲಿಯ ಮೇಲೆ ಅವಳೇ ಮಾತು ತೆಗೆದಳು.

"ನಿಮ್ಮ ಏರ್ಪಾಡು ಒಳ್ಳೇದು ಮೇಷ್ಟ್ರೇ. ಆದ್ರೆ ಪೂರ್ತಿ ತಲೆಕೆಳಗು. ಹೊಸಬರಿಗೆ ಮೊದಲ ದಿನವೇ ಗಂಟೆ ವಿಚಾರ ಹೇಳಬೇಕು. ಚಾಪೆ ಮೇಲೆ ಯಾಕೆ ಕೂರಿಸ್ತೀವಿ ಅಂತಲೂ ಹೇಳಬೇಕು. ನಾನು ಅವಮಾನ ಅಂದ್ಕೊಂಡೆ."

ಅವನು ತಲೆ ತಗ್ಗಿಸಿದ. "ಹೇಳೋಕೆ ಹೋದ್ರೆ ಮಾತು ಬೆಳೀತಿತ್ತು."

"ಬೆಳೆದ್ರೆ?"

"ನೀವು ಬಸ್ಸು ಹತ್ತಿದ ದಿನ ನನಗೆ ಕಷ್ಟ ಆಗ್ತಿತ್ತು."

ಅವಳು ತಟಕ್ಕನೆ ಅವನ ಕಡೆ ತಿರುಗಿದಳು. 'ಅಚ್ಕೋಬೇಡ' ಅಂತ ಇವನು ಹೇಳಿಕೊಂಡದ್ದು ಮಾದಮ್ಮನಿಗಾ, ತನಗೆ ತಾನೇನಾ?

"ಶ್ಶ್... ಅಲ್ಲಿ ನೋಡಿ," ಅಂದ ಅವನು ಮೆಲ್ಲಗೆ.

ಎದುರಿನ ಇಳಿಜಾರಿನಲ್ಲಿ ಆನೆಗಳು ಇಳಿಯುತ್ತಿದ್ದವು. ಸದ್ದೇ ಇಲ್ಲ. ಅಷ್ಟು ದೊಡ್ಡ ಮೈ, ಒಂದು ಕಡ್ಡಿ ಮುರಿದ ಶಬ್ದವೂ ಇಲ್ಲ! ಮರಿಯೊಂದು ತಾಯಿಯ ಹೊಟ್ಟೆಯ ಕೆಳಗೇ ನಡೆಯುತ್ತಿತ್ತು. ಶಂಕರಮ್ಮ ಉಸಿರು ಬಿಗಿಹಿಡಿದು ನೋಡಿದಳು. ಹೆದರಿಕೆ ಎಲ್ಲೋ ಹೋಗಿತ್ತು. ಇಂಥದ್ದೊಂದು ಲೋಕ ನನ್ನ ಯಳಂದೂರಿನಿಂದ ಇಷ್ಟು ಹತ್ತಿರ ಇತ್ತೇ ಎಂದು ಬೆರಗಾದಳು.

ಆನೆಗಳು ಮರೆಯಾದ ಮೇಲೆ ಅವನೆಂದ, "ಶಾಲೆ ಗಂಟೆ ನಿಧಾನಕ್ಕೆ, ಬಿಟ್ಟು ಬಿಟ್ಟು ಹೊಡೀಬೇಕು. ಅದಕ್ಕೆ ಯಾರೂ ಓಡಿ ಬರಲ್ಲ. ಮಕ್ಕಳೂ ಕಾಲೆಳ್ಕೊಂಡೇ ಬರ್ತಾರೆ." ಜೇಬಿನಲ್ಲಿದ್ದ ಸೀಮೆಸುಣ್ಣದ ಡಬ್ಬಿ ತಡವಿದ. "ಸೋಮವಾರ ಬಸ್ಸು ಬರುತ್ತೆ. ಹೋಗೋದಾದ್ರೆ ಟ್ರಂಕು ನಾನೇ ಹತ್ತಿಸಿಕೊಡ್ತೀನಿ. ಇರೋದಾದ್ರೆ... ಅವತ್ತಿನ ಗಂಟೆ ನೀವೇ ಬಾರಿಸಿ."

ಸೋಮವಾರ ಬಸ್ಸಿನ ಹಾರ್ನ್ ಕೇಳಿಸಿತು. ಶಾಲೆಯಲ್ಲಿ ಮೇಷ್ಟ್ರಿರಲಿಲ್ಲ. ಟ್ರಂಕು ಹತ್ತಿಸಿಕೊಡಬೇಕಾಗುತ್ತದೆ ಎಂದು ಬಸ್ಸಿನ ಬಳಿಯೇ ಹೋಗಿ ಕಾಯುತ್ತಿದ್ದನಂತೆ, ಪಾಪ!

ಶಂಕರಮ್ಮ ಹುಣಸೆ ಮರದ ಕೆಳಗೆ ನಿಂತಳು. ಸುತ್ತಿಗೆ ಎತ್ತಿಕೊಂಡಳು.

ಟಣ್... ಟಣ್... ಟಣ್...

ಮಕ್ಕಳು ಕಾಲೆಳೆದುಕೊಂಡೇ ಬಂದರು. ಅವರನ್ನೆಲ್ಲ ಹಿಂದೆ ಹಾಕಿ, ಪಂಚೆ ಎತ್ತಿ ಕಟ್ಟಿ, ಒಬ್ಬನು ಮಾತ್ರ ಬಿದ್ದಂಬೀಳ ಓಡಿ ಬರುತ್ತಿದ್ದ!

"ಈ ಗಂಟೆಗೆ ಯಾರೂ ಓಡಿ ಬರಲ್ಲ ಅಂದಿದ್ರಿ?" ಅವಳು ನಗು ತಡೆದುಕೊಂಡು ಕೇಳಿದಳು.

"ನಾನು... ಬಂದ್ನಲ್ಲ," ಅಂದ, ಏದುಸಿರಿನ ನಡುವೆ. ಜೇಬಿನಿಂದ ಸೀಮೆಸುಣ್ಣದ ಡಬ್ಬಿ ತೆಗೆದು ಅವಳ ಅಂಗೈಯಲ್ಲಿಟ್ಟ. ಬೆರಳು ಮಾತ್ರ ಹಿಂದೆಗೆಯಲಿಲ್ಲ. "ಮುಂದೆ ಬರೋ ಹೊಸಬರಿಗೆ ಹೇಗೆ ಹೇಳಿಕೊಡೋದು ಅಂತ... ಇಬ್ರೂ ಕೂತು ಮಾತಾಡೋಣ್ವಾ?"

"ಬಾಳ ಹೊತ್ತು ಹಿಡಿಯುತ್ತೆ ಮೇಷ್ಟ್ರೇ."

"ಜೀವಮಾನ ಪೂರ್ತಿ?"

ಅವಳು ಚಾಪೆಯ ಕಡೆ ಕೈ ತೋರಿಸಿದಳು. "ಮೊದಲು ಅಲ್ಲಿ ಕೂತ್ಕೊಳ್ಳಿ. ಇವತ್ತು ಪಾಠ ನಂದು. ಯಳಂದೂರಿಗೆ ಹೋಗಿ ನಮ್ಮಪ್ಪನ್ನ ಹೇಗೆ ಕೇಳಬೇಕು ಅಂತ ಸಂಜೆ ಹೇಳಿಕೊಡ್ತೀನಿ."