ನಕ್ಷತ್ರದ ಮೊಣಕಾಲು

ಬಾದಾಮಿಯ ಬಂಡೆಗಳಡಿಯ ಪ್ರಯೋಗಾಲಯಕ್ಕೆ ‘ಕಂಪನ ಜರಡಿ’ ಬಂದ ಮೇಲೆ ಯಾರೂ ಚಪ್ಪಲಿ ಕೈಯಲ್ಲಿ ಹಿಡಿದು ನಡೆಯಬೇಕಾಗಿರಲಿಲ್ಲ. ದೂರದ ನಕ್ಷತ್ರಗಳಿಂದ ಬರುವ ಗುರುತ್ವ ತರಂಗಗಳು ಎಷ್ಟು ನವಿರೆಂದರೆ, ಚಹಾಕ್ಕೆ ಎದ್ದವರ ಹೆಜ್ಜೆಸಪ್ಪಳದಲ್ಲೇ ಮುಳುಗಿಹೋಗುತ್ತಿದ್ದವು. ಜರಡಿಯಂತ್ರ ಅಲ್ಲಿ ದುಡಿಯುವ ಒಬ್ಬೊಬ್ಬರ ನಡಿಗೆಯನ್ನೂ, ಅವರು ಓಡಾಡುವ ಹೊತ್ತನ್ನೂ ಕಲಿತುಕೊಂಡು, ಅಷ್ಟನ್ನು ಅಳತೆಯಿಂದ ಕಳೆದುಬಿಡುತ್ತಿತ್ತು. ಉಳಿದದ್ದು ಆಕಾಶದ್ದು.

ಹಾಗೆ ಉಳಿದದ್ದರಲ್ಲಿ ಡಾ. ಇಂದುಮತಿ ಹಾವನೂರ ಅವರಿಗೆ ಹೊಸ ಮಿಡಿತವೊಂದು ಸಿಕ್ಕಿತ್ತು. ಒಂದು ದೊಡ್ಡದು, ಒಂದು ಸಣ್ಣದು, ಸ್ವಲ್ಪ ಬಿಡುವು, ಮತ್ತೆ ಅದೇ. ಹೀಗೆ ಮಿಡಿಯುವ ಜೋಡಿ ನಕ್ಷತ್ರವನ್ನು ಯಾರೂ ಕಂಡಿರಲಿಲ್ಲ. ಮರುದಿನ ಪತ್ರಿಕೆಯವರ ಮುಂದೆ ಅದನ್ನು ಸಾರುವುದಿತ್ತು. ಇಷ್ಟು ವರ್ಷ ಕಾದದ್ದು ಕೈಗೆ ಬಂದಿತ್ತು.

ಅಂದು ಪದ್ಮಾಬಾಯಿ ಬಂದರು. ಅವರ ಗಂಡ ಡಾ. ಪಾರೀಸ ಚೌಗಲೆ ಇಂದುಮತಿಗೆ ಪಾಠ ಹೇಳಿದವರು, ಮುಂದೆ ಇಲ್ಲಿಯೇ ಜೊತೆಗೆ ದುಡಿದವರು, ಹೋದ ತಿಂಗಳು ನಿವೃತ್ತರಾದವರು.

“ಅವರ ಛತ್ರಿ ಇಲ್ಲೇ ಉಳದೈತಂತ, ಒಯ್ಯಾಕ ಬಂದ್ನಿ.”

“ಸರ್ ಹೆಂಗದಾರ್ರಿ, ಕಾಕೂ?”

“ಹೆಂಗಿರ್ತಾರ. ದಿನಾ ಚಾದ ಹೊತ್ತಿಗೆ ಚಪ್ಪಲಿ ಮೆಟ್ಟಿ ಬಾಗಿಲತನಕ ಹೋಗ್ತಾರ. ‘ಅಲ್ಲಿ ಇನ್ನ ನಂದೇನು ಕೆಲಸ’ ಅಂತ ತಿರುಗಿ ಬಂದು ಕುಂಡ್ರತಾರ. ಊಟಾನೂ ನೆಟ್ಟಗ ಮಾಡವಲ್ರು.”

ಸಮಾಧಾನಕ್ಕೆಂದು ಇಂದುಮತಿ ಪರದೆ ತೋರಿಸಿದರು. “ಹೊಸಾ ನಕ್ಷತ್ರದ ಮಿಡಿತ ನೋಡ್ರಿ ಇದು. ಸರ್‌ಗೆ ಹೇಳ್ರಿ, ಖುಷಿ ಆಗ್ತಾರ.”

ಪದ್ಮಾಬಾಯಿ ಕನ್ನಡಕ ಏರಿಸಿ ನೋಡಿದರು. “ಕುಂಟಿಕೋತ ಹೊಂಟೈತಲ್ಲವಾ. ನಿನ್ನ ನಕ್ಷತ್ರಕ್ಕೂ ನಮ್ಮನಿಯವರಂಗ ಮೊಣಕಾಲ ಬ್ಯಾನಿ ಐತೇನು?”

ಇಂದುಮತಿ ನಕ್ಕರು. ನಗು ಅರ್ಧಕ್ಕೇ ನಿಂತಿತು. ಮಿಡಿತದ ಗೆರೆಯನ್ನು ತಲೆಕೆಳಗು ಮಾಡಿ, ಜರಡಿಯ ನೆನಪಿನಲ್ಲಿದ್ದ ಚೌಗಲೆಯವರ ನಡಿಗೆಯ ಮೇಲೆ ಇಟ್ಟರು. ಎರಡೂ ಒಂದೇ ಆಗಿ ಕೂತವು.

“ಏನಾತು?”

“ಸರ್ ನಿವೃತ್ತರಾದದ್ದನ್ನ ಯಂತ್ರಕ್ಕ ಯಾರೂ ಹೇಳೇ ಇಲ್ರಿ. ಅದು ದಿನಾ ಅವರ ಹೆಜ್ಜಿ ಕಳೀತೈತಿ. ಹೆಜ್ಜಿ ಬರವಲ್ವು. ಇಲ್ಲದ್ದನ್ನ ಕಳೆದ್ರ ಅಷ್ಟು ತಗ್ಗು ಬೀಳ್ತೈತಿ. ಆ ತಗ್ಗನ್ನ ನಾನು ನಕ್ಷತ್ರ ಅಂದೆ.”

ಪದ್ಮಾಬಾಯಿ ಪರದೆಯ ಮೇಲಿನ ಆ ತಗ್ಗಿಗೆ ಬೆರಳು ಮುಟ್ಟಿಸಿದರು. “ಮನ್ಯಾಗ ಇದ್ದೂ ಇಲ್ಲದಂಗ ಅದಾರ,” ಎಂದರು.

ಪತ್ರಿಕೆಯವರಿಗೆ ಬರುವುದು ಬೇಡವೆಂದು ತಿಳಿಸಿದ್ದಾಯಿತು. ಚೌಗಲೆಯವರ ನಡಿಗೆಯನ್ನು ಅಳಿಸಲು ಒಂದು ಗುಂಡಿ ಒತ್ತಿದ್ದರೆ ಸಾಕಿತ್ತು. ಇಂದುಮತಿ ಅಲ್ಲಿಗೆ ಕೈ ಒಯ್ದು, ಹಿಂದಕ್ಕೆ ತೆಗೆದುಕೊಂಡರು.

“ಕಾಕೂ, ಛತ್ರಿ ಇಲ್ಲೇ ಇರಲಿ. ಸರ್ ಬರಲಾರದ್ದಕ್ಕ ನಮ್ಮ ಅಳತಿ ಕೆಟ್ಟೈತಿ ಅಂತ ಹೇಳ್ರಿ. ಸುಳ್ಳೇನಲ್ಲ.”

ಮರುದಿನ ಚಹಾದ ಹೊತ್ತಿಗೆ ಮೆಟ್ಟಿಲ ಮೇಲೆ ಸಪ್ಪಳವಾಯಿತು. ಒಂದು ದೊಡ್ಡದು, ಒಂದು ಸಣ್ಣದು, ಸ್ವಲ್ಪ ಬಿಡುವು. ಪರದೆಯ ಮೇಲೆ ನಕ್ಷತ್ರ ಆರಿಹೋಗಿ ಗೆರೆ ನೆಟ್ಟಗಾಯಿತು.

“ಏನ್ ಕೆಡಿಸೀರಿ, ತೋರಸ್ರಿ,” ಎನ್ನುತ್ತ ಚೌಗಲೆ ಒಳಗೆ ಬಂದರು.

“ಈಗ ಸರಿ ಆತ್ರಿ, ಸರ್,” ಎಂದು ಇಂದುಮತಿ ಅವರ ಕಪ್ಪಿಗೆ ಚಹಾ ಸುರಿದರು. “ನಾಳೆ ಮತ್ತ ಕೆಡತೈತಿ.”