ಹೆಸರು ತಿಳಿಯದ ಹೆಂಗಸಿನ ಬಟ್ಟೆ

ನವೆಂಬರ್ 12, ಮಂಗಳವಾರ ಬೆಳಿಗ್ಗೆ ಪುತ್ತೂರಿನ ಠಾಣೆಗೆ ಬಂದ ಲತೀಶ್ ಬೆವರು ಒರೆಸಿಕೊಳ್ಳುತ್ತಲೇ ದೂರು ಬರೆದುಕೊಟ್ಟ. ಅವನು ಊರಿನ ಖಾಸಗಿ ಮ್ಯೂಸಿಯಮ್ಮೊಂದರ ಮೇಲ್ವಿಚಾರಕ. ಅಲ್ಲಿನ ಆಫ್ರಿಕಾ ವಿಭಾಗದಿಂದ ಹಳೆಯದೊಂದು ಬಟ್ಟೆ ಕಳುವಾಗಿತ್ತು. ಎಫ್‌ಐಆರ್ ದಾಖಲಿಸಿ, ಇನ್‌ಸ್ಪೆಕ್ಟರ್ ಕುಮುದಿನಿ ಹೆಡ್ ಕಾನ್‌ಸ್ಟೇಬಲ್ ಗುರುವಪ್ಪನೊಡನೆ ಸ್ಥಳಕ್ಕೆ ಹೊರಟಳು.

ಗೋಡೆಯ ತುಂಬ ಮರದ ಮುಖವಾಡಗಳು. ಒಂದರ ಹಣೆಯಲ್ಲಿ ಕವಡೆ, ಇನ್ನೊಂದರ ಕೆನ್ನೆಯಲ್ಲಿ ಗೀರು. ಸುಳ್ಯದ ಮನೆಯಲ್ಲಿ ದೈವದ ಮುಖವಾಡವಾದ ಮೊಗಕ್ಕೆ ಕೈಮುಗಿದು ಬೆಳೆದ ಕುಮುದಿನಿಗೆ ಅವುಗಳೆದುರು ಬೂಟು ಹಾಕಿ ನಿಲ್ಲುವುದೇ ಮುಜುಗರವಾಯಿತು. ಅವು ಯಾವುವೂ ಕದಲಿರಲಿಲ್ಲ. ಮೂಲೆಯ ಹೆಣ್ಣು ಬೊಂಬೆಗೆ ಉಡಿಸಿದ್ದ ಕೆಂಪು ಹೂವಿನ ಬಟ್ಟೆ ಮಾತ್ರ ಹೋಗಿತ್ತು. ಬದಲಿಗೆ, ಹೆಂಗಸರು ನಮಾಜಿಗೆ ತೊಡುವ ಬಿಳಿ ಉಡುಪನ್ನು ತಲೆಯಿಂದ ಮೊಣಕಾಲಿನ ತನಕ ತೊಡಿಸಿ, ಗಲ್ಲದ ಕೆಳಗೆ ಪಿನ್ನು ಹಾಕಿದ್ದರು. ಪಕ್ಕದ ಫಲಕದಲ್ಲಿ, "ಪೂರ್ವ ಆಫ್ರಿಕಾದ ಹೆಂಗಸಿನ ಬಟ್ಟೆ. ಹೆಸರು ತಿಳಿದಿಲ್ಲ" ಎಂದಿತ್ತು.

"ಕಳ್ಳರು ಬಟ್ಟೆ ಬಿಚ್ಚಿಕೊಂಡು ಹೋಗುದು ನೋಡಿದ್ದೇನೆ ಮೇಡಂ, ತೊಡಿಸಿ ಹೋಗುದು ನೋಡಿಲ್ಲ," ಎಂದ ಗುರುವಪ್ಪ.

ಕುಮುದಿನಿ ಲತೀಶನ ಕಡೆ ತಿರುಗಿದಳು. "ಕೊನೆಗೆ ಬಂದವರು ಯಾರು?"

"ಭಾನುವಾರ, ಸಂಪಾಜೆಯ ಸ್ವಸಹಾಯ ಸಂಘದ ಹೆಂಗಸರು. ನಿನ್ನೆ ರಜೆ, ಇವತ್ತು ಬಾಗಿಲು ತೆಗೆದಾಗಲೇ ನೋಡಿದ್ದು."

"ಬಟ್ಟೆಯ ಬಗ್ಗೆ ಯಾರಾದ್ರೂ ಕೇಳಿದ್ರಾ?"

ಲತೀಶ್ ತಡವರಿಸಿದ. "ವಯಸ್ಸಾದವರೊಬ್ರು ಮುಟ್ಟಿ ನೋಡ್ತೇನೆ ಅಂದ್ರು. ಮುಟ್ಟುವ ಹಾಗಿಲ್ಲ ಅಂತ ಗದರಿಸಿದೆ."

ಪಂಚರ ಸಮಕ್ಷಮ ಪಂಚನಾಮೆ ಮಾಡಿ ಬಿಳಿ ಉಡುಪನ್ನು ವಶಕ್ಕೆ ಪಡೆದರು. ಮಧ್ಯಾಹ್ನ ಸಂಪಾಜೆಯಲ್ಲಿ ಬಟ್ಟೆ ಹೊಲಿಯುವ ಶಮೀನಾ ಅದರ ಅಂಚು ತಿರುವಿ ನೋಡಿದಳು.

"ನಾನೇ ಹೊಲಿದದ್ದು. ಪಾತುಮ್ಮ ಕುಳ್ಳಗೆ ಅಲ್ವಾ, ಅದಕ್ಕೆ ಅಂಚು ಇಷ್ಟು ಮಡಚಿದ್ದು." ಆಮೇಲೆ ಗಾಬರಿಯಾಗಿ, "ಅವರಿಗೆ ಎಂತ ಆಯ್ತು?" ಎಂದಳು.

ಪಾತುಮ್ಮ ಪೊಲೀಸರನ್ನು ಕಂಡು ಬೆದರಲಿಲ್ಲ. ಒಳಗೆ ಹೋಗಿ, ಮಡಚಿಟ್ಟ ಕೆಂಪು ಬಟ್ಟೆಯನ್ನು ತಾನಾಗಿ ತಂದಳು.

"ನೀವೇ ತೆಗೆದದ್ದಾ?"

"ಹೌದು. ಉಳಿದವರು ಆಚೆ ಕೋಣೆಯಲ್ಲಿ ಡೋಲು ನೋಡ್ತಿದ್ರು."

"ಯಾಕೆ?"

ಪಾತುಮ್ಮ ಬಟ್ಟೆಯ ಮೂಲೆ ಬಿಡಿಸಿ ನೀಲಿ ನೂಲಿನ ತೇಪೆ ತೋರಿಸಿದಳು. "ಇದು ನನ್ನ ಹೆತ್ತ ಉಮ್ಮ ಹಾಕಿದ್ದು. ನನ್ನನ್ನು ಹಡಗಿಗೆ ಹತ್ತಿಸುವಾಗ ತನ್ನ ಮೈಮೇಲಿಂದ ತೆಗೆದು ಹೊದೆಸಿದ್ರು. ನಂಗೆ ಆಗ ಆರು ವರ್ಷ. ಆಫ್ರಿಕಾಕ್ಕೆ ದುಡಿಲಿಕ್ಕೆ ಹೋಗಿದ್ದ ಉಪ್ಪ ನನ್ನನ್ನು ಮಾತ್ರ ಊರಿಗೆ ತಂದ್ರು, ಉಮ್ಮನನ್ನು ಅಲ್ಲೇ ಬಿಟ್ರು. ಕಪ್ಪು ಹೆಂಗಸಿನ ಬಟ್ಟೆ ಮನೆಯಲ್ಲಿ ಬೇಡ ಅಂತ ಉಪ್ಪನ ಮನೆಯವರು ಕಿತ್ಕೊಂಡ್ರು. ಸುಟ್ಟಿದ್ದಾರೆ ಅಂತ ಎಣಿಸಿದ್ದೆ. ಹಳೆ ಪೆಟ್ಟಿಗೆಯೊಟ್ಟಿಗೆ ಮ್ಯೂಸಿಯಮ್ಮಿಗೆ ಕೊಟ್ಟಿದ್ದಾರೆ ಅಂತ ಭಾನುವಾರ ಬೊಂಬೆಯ ಮೈಮೇಲೆ ಕಂಡಾಗಲೇ ಗೊತ್ತಾದ್ದು."

"ಅವರತ್ರ ಕೇಳಬಹುದಿತ್ತಲ್ಲ?"

"ಮುಟ್ಲಿಕ್ಕೇ ಬಿಡದವರು ಕೊಡ್ತಾರಾ?"

"ಆ ಬೊಂಬೆಗೆ ನಿಮ್ಮ ಉಡುಪು ಯಾಕೆ ತೊಡಿಸಿದ್ರಿ?"

"ನಮಾಜಿಗೆ ಅಂತ ಚೀಲದಲ್ಲಿ ತಂದದ್ದಿತ್ತು. ಬೊಂಬೆ ಉಮ್ಮನ ಬಟ್ಟೆ ಉಟ್ಟು ನಿಂತಿತ್ತಲ್ಲ. ಬೆತ್ತಲೆ ಬಿಟ್ಟು ಬಂದ್ರೆ ಉಮ್ಮನನ್ನೇ ಇನ್ನೊಂದು ಸಲ ಬಿಟ್ಟ ಹಾಗೆ."

ಕುಮುದಿನಿ ಬಟ್ಟೆಯನ್ನು ಮೊದಲಿನ ಮಡಿಕೆಯಲ್ಲೇ ಮಡಚಿದಳು. ಆದರೂ ಮಾಡಬೇಕಾದ್ದನ್ನು ಮಾಡಲೇಬೇಕಿತ್ತು. ಸಂಜೆ ನಾಲ್ಕಕ್ಕೆ ಪಾತುಮ್ಮನನ್ನು ದಸ್ತಗಿರಿ ಮಾಡಲಾಯಿತು.

"ಬಟ್ಟೆ ನಂಗೆ ವಾಪಸ್ ಸಿಗ್ತದಾ?"

"ಅದು ಕೋರ್ಟು ಹೇಳ್ಬೇಕು. ನೀವು ಹೇಳಿದ್ದನ್ನೆಲ್ಲ ನಾನು ಬರೀತೇನೆ."

ಗುರುವಪ್ಪ ಜಪ್ತಿ ಪಂಚನಾಮೆ ಬರೆಯುತ್ತಿದ್ದವನು ತಲೆಯೆತ್ತಿದ. "ಮೇಡಂ, ಬಟ್ಟೆ ಯಾರದ್ದು ಅಂತ ಬರೆಯುವಲ್ಲಿ ಫಲಕದಲ್ಲಿ ಇದ್ದ ಹಾಗೆ ಹೆಸರು ತಿಳಿದಿಲ್ಲ ಅಂತ ಹಾಕುದಾ?"

ಕುಮುದಿನಿ ಪಾತುಮ್ಮನನ್ನು ಕೇಳಿದಳು. "ಉಮ್ಮನ ಹೆಸರು ಎಂತ?"

ಈ ಊರಿಗೆ ಬಂದ ಮೇಲೆ ಅದನ್ನು ಅವಳಲ್ಲಿ ಯಾರೂ ಕೇಳಿರಲಿಲ್ಲ. ಅಷ್ಟು ಹೊತ್ತು ಗಟ್ಟಿಯಾಗಿದ್ದ ಪಾತುಮ್ಮನ ಕಣ್ಣು ತುಂಬಿತು.

"ಲೈಲಾ."

ಗುರುವಪ್ಪ ಬರೆದ. ಓದು ಬಾರದ ಪಾತುಮ್ಮ, "ಎಲ್ಲಿ ಉಂಟು?" ಎಂದು ಕೇಳಿ, ಅವನು ತೋರಿಸಿದ ಅಕ್ಷರಗಳ ಮೇಲೆ ಬೆರಳಿಟ್ಟಳು. ಮುಟ್ಟಬೇಡಿ ಎಂದು ಈ ಸಲ ಯಾರೂ ಹೇಳಲಿಲ್ಲ.