ಮೆರುಗು ಹಿಡಿಯದ ಪೆನ್ನುಗಳು

"ಡಾಕ್ಟ್ರಮ್ಮಾ, ಬೇಗ ಬನ್ನಿ! ನಮ್ಮನೆಯವರು ನನ್ನ ತಮ್ಮನ್ನ ಆಚೆ ಹಾಕ್ತಿದ್ದಾರೆ!"

ಕೆಳಮನೆಯ ಪೆನ್ನಿನವನ ಹೆಂಡತಿ ಮೆಟ್ಟಿಲ ಮೇಲೆ ನಿಂತು ಅಳುತ್ತಿದ್ದಳು. ಡಾಕ್ಟ್ರಮ್ಮ ಹಲ್ಲು ಕೀಳುವುದನ್ನು ಬಿಟ್ಟ ಮೇಲೆ ಕಟ್ಟಡದವರ ಗುಟ್ಟುಗಳನ್ನು ಕೀಳಲು ಶುರುಮಾಡಿದ್ದರು. ಅವರ ಹಳೆಯ ಕಾಂಪೌಂಡರ್ ಎಂದಿನಂತೆ ಗೊಣಗುತ್ತಲೇ ಚೀಲ ಹಿಡಿದು ಹಿಂದೆ ಹೊರಟ. ಕೆಳಮನೆಯಲ್ಲಿ ಮರದ ಪೆನ್ನು ಕಡೆಯುವ ಕೋಣೆಯ ಬಾಗಿಲು ತೆರೆದರೆ ಮೂರನೇ ಮಹಡಿಗೂ ಗೊತ್ತಾಗುವಂತೆ ಕಿರುಗುಡುತ್ತಿತ್ತು. ಅಭ್ಯಾಸಬಲದಿಂದ ಕಾಂಪೌಂಡರ್ ಹಲ್ಲು ಕಚ್ಚಿಕೊಂಡೇ ಬಾಗಿಲು ತಳ್ಳಿದ. ಅದು ಸದ್ದಿಲ್ಲದೆ ತೆರೆದುಕೊಂಡಿತು. ಸದ್ಯ ಬದುಕಿದೆ ಅಂದುಕೊಂಡ.

ಒಳಗೆ ಭಾವಮೈದ ತನ್ನ ಉಳಿಗಳನ್ನು ಚೀಲಕ್ಕೆ ತುಂಬುತ್ತಿದ್ದ. ಮೇಜಿನ ಮೇಲೆ ಸಾಲಾಗಿ ಪೆನ್ನುಗಳಿದ್ದವು. ಗಾಜಿನಂತೆ ಹೊಳೆಯಬೇಕಿದ್ದ ಲ್ಯಾಕರ್ ಲೇಪದ ತುಂಬ ಸೂಜಿಮೊನೆಯಷ್ಟು ಗುಳಿಗಳು.

"ವಾರದಿಂದ ಇದೇ ಗೋಳು," ಎಂದು ಪೆನ್ನಿನವನು ಸಿಡುಕಿದ. "ಇವನು ಬೇರೆ ಅಂಗಡಿ ಹಾಕ್ತೀನಿ ಅಂದ. ಅಂದಿನಿಂದ ಒಂದು ಪೆನ್ನಿಗೂ ಮೆರುಗು ಹಿಡಿದಿಲ್ಲ. ಇನ್ಯಾರ ಕೆಲಸ ಇದು?"

"ನಿಮ್ಮನ್ನ ಹಾಳು ಮಾಡಿ ನಾನು ಉದ್ಧಾರ ಆಗ್ತೀನಾ ಭಾವ?" ಎನ್ನುತ್ತಾ ಭಾವಮೈದ ಇನ್ನೊಂದು ಉಳಿಯನ್ನು ಚೀಲಕ್ಕೆ ಹಾಕಿದ.

ಮೂಲೆಯ ಸ್ಟೂಲಿನಲ್ಲಿ ಪೆನ್ನಿನವನ ಅಪ್ಪ ಪದಬಂಧ ತುಂಬುತ್ತಿದ್ದರು. ಲಕ್ವ ಹೊಡೆದು ಕೈ ನಡುಗಲು ಶುರುವಾದಾಗ, ಗಾಯ ಮಾಡಿಕೊಂಡಾರೆಂದು ಮಗ ಅವರ ಕೈಯಿಂದ ಉಳಿ ಕಿತ್ತುಕೊಂಡಿದ್ದ. ಕೋಣೆಗೇ ಬರಬೇಡ ಅಂದಿದ್ದ. ಇವತ್ತು ಜಗಳ ಕೇಳಿ ಬಂದು ಕೂತಿದ್ದರು. ಅಕ್ಷರಗಳು ಸೊಟ್ಟಗಿದ್ದವು, ಕೈಯಲ್ಲಿದ್ದ ಪೆನ್ನು ಮಾತ್ರ ಥಳಥಳಿಸುತ್ತಿತ್ತು.

ಡಾಕ್ಟ್ರಮ್ಮ ಒಂದು ಹೊಸ ಮರದ ತುಂಡಿಗೆ ಅದೇ ಲ್ಯಾಕರ್ ಬಳಿದರು. ನುಣ್ಣಗೆ ಕೂತಿತು.

"ಪೆನ್ನಿಗೆ ಬಳಿಯೋ ಮುಂಚೆ ಧೂಳು ಯಾವುದರಲ್ಲಿ ಒರೆಸ್ತೀಯಪ್ಪಾ?"

"ಆ ಮೊಳೆ ಮೇಲಿರೋ ಬಟ್ಟೇಲಿ."

ಅವರು ಬಟ್ಟೆಯ ಮೇಲೆ ನೀರು ಚಿಮುಕಿಸಿದರು. ಹನಿ ಇಂಗದೆ ಮಣಿಯಂತೆ ಉರುಳಿಹೋಯಿತು. ಆಮೇಲೆ ಪೆನ್ನಿನವನ ಅಪ್ಪನ ಕಾಲದ, ಕಾಲಲ್ಲಿ ತುಳಿದು ಮರ ಕಡೆಯುವ ಹಳೆಯ ಲೇತಿನ ಹೊದಿಕೆಯ ಮೇಲೆ ಬೆರಳಾಡಿಸಿದರು. ಕೋಣೆಯಲ್ಲಿ ಎಲ್ಲದರ ಮೇಲೂ ಮರದ ಧೂಳಿತ್ತು. ಅವರ ಬೆರಳಿಗೆ ಒಂಚೂರೂ ಅಂಟಲಿಲ್ಲ.

"ಎಲ್ಲರೂ ಕೂತ್ಕೊಳ್ಳಿ. ಉಳಿ ತುಂಬೋದು ನಿಲ್ಸಿ," ಎಂದರು. "ತಪ್ಪು ಲ್ಯಾಕರಿನದಲ್ಲ, ಬಟ್ಟೇದು. ಅದಕ್ಕೆ ಕಿರುಗುಟ್ಟೋ ಕಡೆ ಹೊಡೆಯೋ ಜಿಡ್ಡಿನ ಸಿಲಿಕೋನ್ ಸ್ಪ್ರೇ ತಗಲಿದೆ. ಅದರ ಪಸೆ ಇರೋ ಕಡೆ ಲ್ಯಾಕರ್ ನಿಲ್ಲದೆ ಸರಿಯುತ್ತೆ, ಗುಳಿ ಬೀಳುತ್ತೆ. ಸ್ಪ್ರೇ ಎಲ್ಲಿಂದ ಬಂತು? ನಮ್ಮ ಕಾಂಪೌಂಡರು ಬರುವಾಗ ಹಲ್ಲು ಕಚ್ಚಿದ್ದು ದಂಡ ಆಯ್ತು. ಬಾಗಿಲು ಕಿರುಗುಡಲೇ ಇಲ್ಲ. ಯಾರೋ ಬಾಗಿಲ ಕೀಲುಗಳಿಗೆ ಸ್ಪ್ರೇ ಹೊಡೆದು, ಸೋರಿದ್ದನ್ನ ಈ ಬಟ್ಟೇಲಿ ಒರೆಸಿ ಮತ್ತೆ ಮೊಳೆಗೆ ಹಾಕಿದ್ದಾರೆ."

"ನಾವ್ಯಾಕೆ ಕಳ್ಳರ ಥರ ಬರ್ತೀವಿ?" ಎಂದ ಪೆನ್ನಿನವನು.

"ನೀವು ಬರಲ್ಲ. ಬರಬೇಡ ಅನ್ನಿಸಿಕೊಂಡವರಿಗೆ ತಾನೇ ಸದ್ದಿನ ಭಯ? ಹಳೇ ಲೇತಿನ ಹೊದಿಕೆ ದಿನಾ ಕೊಡವಿದ ಹಾಗಿದೆ. ಯಜಮಾನ್ರೇ, ಆ ಪೆನ್ನು ಕೊಡಿ ನೋಡೋಣ." ಬಾಯಿ ನೋಡುವ ಪುಟ್ಟ ಕನ್ನಡಿ ಹಿಡಿದು ಪರೀಕ್ಷಿಸಿದರು. "ಇದರಲ್ಲಿ ಒಂದು ಗುಳಿಯೂ ಇಲ್ಲ. ಲ್ಯಾಕರೇ ಇಲ್ಲ. ನೀವೇ ಕಡೆದಿದ್ದು ತಾನೇ?"

ಮುದುಕರು ತಲೆತಗ್ಗಿಸಿದರು.

"ಬಟ್ಟೆಯಿಂದ ಹೀಗಾಗುತ್ತೆ ಅಂತ ಆಣೆಗೂ ಗೊತ್ತಿರ್ಲಿಲ್ಲ ಕಣಮ್ಮ. ಮಧ್ಯಾಹ್ನ ಎಲ್ಲರೂ ಮಲಗಿದಾಗ ಬರ್ತಿದ್ದೆ. ತುಳಿಯೋ ಲೇತು ಸದ್ದು ಮಾಡಲ್ಲ. ಬಾಗಿಲು ಕಿರುಗುಟ್ಟಿದ್ರೆ ಇವನು ಓಡಿಬಂದು ಮತ್ತೆ ಉಳಿ ಕಿತ್ಕೋತಿದ್ದ."

"ಈ ಹೊಳಪು ಹೇಗೆ ಬಂತಪ್ಪ?" ಪೆನ್ನಿನವನ ದನಿಯಲ್ಲಿ ಸಿಟ್ಟಿರಲಿಲ್ಲ.

"ಅದೇ ಮರದ ಹೊಟ್ಟು ಒಂದು ಹಿಡಿ ತಗೊಂಡು, ತಿರುಗೋ ಪೆನ್ನಿಗೆ ಒತ್ತಿ ಉಜ್ಜಿದೆ. ಆಮೇಲೆ ಚೂರು ಜೇನುಮೇಣ. ಅಷ್ಟೇ."

ಪೆನ್ನಿನವನು ಆ ಪೆನ್ನನ್ನು ತಿರುಗಿಸಿ ತಿರುಗಿಸಿ ನೋಡಿದ. ಆಮೇಲೆ ಭಾವಮೈದನ ಚೀಲ ಬಿಚ್ಚಿ, ಒಂದೊಂದೇ ಉಳಿಯನ್ನು ಗೋಡೆಯ ಗೂಡಿಗೆ ಮರಳಿ ಇಟ್ಟ. "ತಪ್ಪಾಯ್ತು ಕಣೋ. ನಾಲಿಗೆ ಹರಿಬಿಟ್ಟೆ. ನೀನು ಅಂಗಡಿ ಹಾಕು, ನಾನೇ ಬಂದು ಬೀಗ ತೆಗೀತೀನಿ."

"ಮಾವ ಈ ಮೆರುಗು ಕಲಿಸೋವರೆಗೂ ನಾನೆಲ್ಲಿಗೂ ಹೋಗಲ್ಲ," ಎಂದ ಅವನು. ಅಕ್ಕ ಅಳುತ್ತಲೇ ನಕ್ಕಳು.

ಪೆನ್ನಿನವನು ಹಳೆಯ ಲೇತಿನ ಹೊದಿಕೆ ಎಳೆದು ತೆಗೆದ. ಹಾಳಾದ ಒಂದು ಪೆನ್ನನ್ನು ಅದಕ್ಕೆ ಸಿಕ್ಕಿಸಿ, ಉಳಿಯ ಹಿಡಿಯನ್ನು ಅಪ್ಪನ ಕಡೆ ಮಾಡಿ ಕೊಟ್ಟ. ಉಳಿ ತೆಗೆದುಕೊಂಡ ಕೈ ಗಡಗಡ ನಡುಗುತ್ತಿತ್ತು. ಲೇತಿಗೆ ಆನಿಸಿದ ಮೇಲೆ ನಡುಕ ನಿಂತಿತು.